ತಮ್ಮ ಗೇಮ್ ಪ್ರೋಗ್ರಾಮಿಂಗ್ ಓದುತ್ತೇನೆ ಅಂತಿದ್ದಾನೆ. ಡಂಡೀಗೆ ಕಳಿಸೋದಾ, ಇಲ್ಲೇ ಸಿಎಸ್ ಸೇರಿಸೋದಾ?

ತೀರ್ಥಹಳ್ಳಿ ಅಕ್ಕ

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಮ್ಮ ಈ ವರ್ಷ ಎರಡನೇ ಪಿಯು ಮುಗಿಸಿದ. ಪಿಸಿಎಂಸಿ. ಗಣಿತದಲ್ಲಿ 91, ಫಿಸಿಕ್ಸ್‌ನಲ್ಲಿ 78. ಸಿಇಟಿ ರ‍್ಯಾಂಕ್ ತೀರಾ ಮುಂದೆಯೂ ಇಲ್ಲ, ತೀರಾ ಹಿಂದೆಯೂ ಇಲ್ಲ. ಶಿವಮೊಗ್ಗದಲ್ಲೋ ಹಾಸನದಲ್ಲೋ ಕಂಪ್ಯೂಟರ್ ಸೈನ್ಸ್ ಸೀಟು ಸಿಗಬಹುದು. ಅವನಿಗೆ ಅದು ಬೇಡ. ಸ್ಕಾಟ್ಲೆಂಡಿನ ಡಂಡೀ ಅನ್ನೋ ಊರಲ್ಲಿ ಅಬರ್ಟೇ ವಿಶ್ವವಿದ್ಯಾಲಯ ಇದೆ, ಅಲ್ಲಿ ಕಂಪ್ಯೂಟರ್ ಗೇಮ್ಸ್ ಅಂತಲೇ ಡಿಗ್ರಿ ಇದೆ, ನಾಲ್ಕು ವರ್ಷ, ಹೋದರೆ ಅಲ್ಲಿಗೇ ಅಂತ ಹಠ ಹಿಡಿದಿದ್ದಾನೆ.

ಅಪ್ಪನದು ನಾಲ್ಕು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಎಷ್ಟು ಅಂತ ಮೊದಲೇ ಹೇಳೋ ಹಾಗಿಲ್ಲ. ವಿಷಯ ಎತ್ತಿದಾಗ ಅಪ್ಪ "ಆಟ ಆಡೋಕೂ ಡಿಗ್ರಿ ಬೇಕಾ?" ಅಂತ ಕೇಳಿ ಪಂಚೆ ಕೊಡವಿ ಎದ್ದು ಹೋದರು. ಅಮ್ಮ "ಆ ರಮ್ಮಿ ಕಂಪನಿಗಳಾ? ಅವನ್ನ ಸರ್ಕಾರವೇ ಮುಚ್ಚಿಸ್ತಲ್ಲ" ಅಂದರು. ನಾನು ಸೊಸೈಟಿಯಲ್ಲಿ ಕ್ಲರ್ಕ್. ಸಾಲದ ಅರ್ಜಿ ಓದೋಕೆ ಬರುತ್ತೆ, ಈ ವಿಷಯ ಓದೋಕೆ ಬರಲ್ಲ.

ಹುಡುಗ ದಡ್ಡನಲ್ಲ. ಯೂಟ್ಯೂಬ್ ನೋಡಿ ಒಂದು ಮೊಬೈಲ್ ಗೇಮ್ ಮಾಡಿದ್ದಾನೆ. ಮರದಿಂದ ಅಡಿಕೆ ಬೀಳುತ್ತೆ, ಮಂಗ ಬರೋಕೆ ಮುಂಚೆ ಬುಟ್ಟಿಯಲ್ಲಿ ಹಿಡೀಬೇಕು. ನಮ್ಮ ಚಿಕ್ಕಪ್ಪನ ಮಕ್ಕಳು ಇಡೀ ದಿನ ಅದನ್ನೇ ಆಡುತ್ತವೆ. ಇದು ಪ್ರತಿಭೆಯೋ, ವಯಸ್ಸಿನ ಹುಚ್ಚೋ ಹೇಗೆ ತಿಳಿಯೋದು?

ನೇರಮಾತು

ಸಿಎಸ್ ಸೇರಿಸಿ. ಮುಗೀತು. ಸಿಎಸ್ ಓದಿದವನು ಗೇಮ್ ಮಾಡಬಹುದು, ಬ್ಯಾಂಕಿನ ಸಾಫ್ಟ್‌ವೇರೂ ಮಾಡಬಹುದು. ಗೇಮ್ ಡಿಗ್ರಿ ಓದಿದವನು ಗೇಮ್ ಕಂಪನಿ ಬಾಗಿಲು ಮುಚ್ಚಿದರೆ ಎಲ್ಲಿಗೆ ಹೋಗಬೇಕು? 2024ರ ಜನವರಿ, ಫೆಬ್ರವರಿ ಎರಡೇ ತಿಂಗಳ ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಸೋನಿ ಪ್ಲೇಸ್ಟೇಷನ್ 900. ಗೇಮ್ ಎಂಜಿನ್ (ಆಟ ಕಟ್ಟುವ ಸಾಫ್ಟ್‌ವೇರ್) ಮಾಡುವ ಯೂನಿಟಿ ಸುಮಾರು 1,800. ಇವರೆಲ್ಲ ಅನುಭವ ಇದ್ದವರು. ನಿಮ್ಮ ತಮ್ಮ ಓದು ಮುಗಿಸಿ ಅದೇ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು.

ಪಿಕ್ಸೆಲ್ ಪುಟ್ಟಿ

ಅದೇ ಹೊತ್ತಿನಲ್ಲಿ ಸಾಮಾನ್ಯ ಐಟಿ ಕಂಪನಿಗಳೂ ಜನರನ್ನು ತೆಗೆದವು ಅಲ್ವಾ ಸಾರ್? ಗೇಮಿಗೆ ಮಾತ್ರ ಯಾಕೆ ಬಡ್ಡಿ ಹಾಕುತ್ತೀರಿ?

ನೇರಮಾತು

ಐಟಿಯಲ್ಲಿ ಒಂದು ಬಾಗಿಲು ಮುಚ್ಚಿದರೆ ಅದೇ ರಸ್ತೆಯಲ್ಲಿ ಇನ್ನೂ ಐವತ್ತು ಬಾಗಿಲು ಇರುತ್ತವೆ. ಬಡ್ಡಿ ಅದಕ್ಕೆ.

ಹದಿನಾರು ಮಿಲಿಸೆಕೆಂಡ್

ಬೆಂಗಳೂರಲ್ಲಿ ಒಂಬತ್ತು ವರ್ಷದಿಂದ ಗೇಮ್ ಪ್ರೋಗ್ರಾಮರ್ ಆಗಿದ್ದೇನೆ. ಓದಿದ್ದು ಇಲ್ಲೇ, ಮೆಕ್ಯಾನಿಕಲ್ (ನಗಬೇಡಿ).

ಮೊದಲು ನಿಮ್ಮ ಅಮ್ಮನ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು. ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಎಲ್ಲ ಅದರಲ್ಲಿ ಹೋದವು. ನಿಮ್ಮ ತಮ್ಮನ ಅಡಿಕೆ ಆಟಕ್ಕೆ ಅದು ತಗಲುವುದಿಲ್ಲ. ಆದರೆ ಒಂದು ನಿಜ. ಬೆಂಗಳೂರಲ್ಲಿ ಒಳ್ಳೆ ಸಂಬಳದ "ಗೇಮಿಂಗ್" ಕೆಲಸಗಳಲ್ಲಿ ಬಹಳಷ್ಟು ಅಲ್ಲೇ ಇದ್ದವು. ಅವು ಹೋದ ಮೇಲೆ ಆ ಜನರೂ ಈಗ ನಮ್ಮ ಕಡೆಯ ಇಂಟರ್ವ್ಯೂಗಳಿಗೆ ಬರುತ್ತಿದ್ದಾರೆ. ಸಾಲು ಉದ್ದ ಆಗಿದೆ.

ಇನ್ನು ಪ್ರತಿಭೆಯೋ ಹುಚ್ಚೋ ಅನ್ನೋದು. ಒಂದು ಪರೀಕ್ಷೆ ಹೇಳುತ್ತೇನೆ, ದುಡ್ಡು ಖರ್ಚಿಲ್ಲ. ಅವನ ಆಟವನ್ನು ನಿಮ್ಮ ಮನೆಯ ಅತಿ ಹಳೇ ಫೋನಿನಲ್ಲಿ ಹಾಕಿ. ಆಮೇಲೆ ಅತಿ ಹೊಸ ಫೋನಿನಲ್ಲಿ ಹಾಕಿ. ಎರಡರಲ್ಲೂ ಅಡಿಕೆ ಒಂದೇ ವೇಗದಲ್ಲಿ ಬೀಳುತ್ತದಾ ನೋಡಿ. ಬೀಳದಿದ್ದರೆ ಯಾಕೆ ಅಂತ ನೀವು ಹೇಳಬೇಡಿ, ಅವನಿಗೆ ತೋರಿಸಿ ಸುಮ್ಮನೆ ಬಂದುಬಿಡಿ. ಮುಂದೆ ಅವನು ಏನು ಮಾಡುತ್ತಾನೆ ಅನ್ನೋದೇ ಉತ್ತರ.

ತೀರ್ಥಹಳ್ಳಿ ಅಕ್ಕ

ಸರಿ ಅಣ್ಣ, ಮಾಡಿ ನೋಡಿ ಹೇಳುತ್ತೇನೆ. ಅಪ್ಪನ ಫೋನು ಆರು ವರ್ಷ ಹಳೇದು, ಗಾಜು ಒಡೆದಿದೆ. ಪರವಾಗಿಲ್ವಾ?

ಹದಿನಾರು ಮಿಲಿಸೆಕೆಂಡ್

ಅದಕ್ಕಿಂತ ಒಳ್ಳೇದು ಸಿಗಲ್ಲ.

ಟೇ ದಂಡೆಯಿಂದ

ಡಂಡೀ ಅಂತ ಕಂಡಿತು, ಬಂದೆ. ನಾನು ಹುಬ್ಬಳ್ಳಿಯವಳು. ಡಂಡೀಯಲ್ಲೇ ಗೇಮ್ ಓದಿ ಈಗ ಅಲ್ಲಿಂದ ಸ್ವಲ್ಪ ದೂರದ ಊರಲ್ಲಿ ಕೆಲಸದಲ್ಲಿದ್ದೇನೆ.

ನಿಮ್ಮ ತಮ್ಮ ಯಾವುದೋ ಜಾಹೀರಾತು ನೋಡಿ ಮರುಳಾಗಿಲ್ಲ. ಅಬರ್ಟೇ 1997ರಲ್ಲಿ ಶುರು ಮಾಡಿದ್ದು ಜಗತ್ತಿನ ಮೊದಲ ಕಂಪ್ಯೂಟರ್ ಗೇಮ್ಸ್ ಡಿಗ್ರಿ. ಅಷ್ಟು ಚಿಕ್ಕ ಊರಲ್ಲಿ ಯಾಕೆ ಅನ್ನೋದಕ್ಕೆ ಚೆಂದದ ಕಥೆ ಇದೆ. ಡಂಡೀ ಒಂದು ಕಾಲಕ್ಕೆ ಸೆಣಬಿನ ಊರು. ಬಂಗಾಳದಿಂದ ಹೋದ ಸೆಣಬು ಅಲ್ಲಿನ ಗಿರಣಿಗಳಲ್ಲಿ ಗೋಣಿಚೀಲ ಆಗುತ್ತಿತ್ತು. ಗಿರಣಿಗಳು ಕುಸಿದವು. ಊರಲ್ಲಿ ಟೈಮೆಕ್ಸ್ ಗಡಿಯಾರದ ಕಾರ್ಖಾನೆ ಇತ್ತು. ಎಂಬತ್ತರ ದಶಕದಲ್ಲಿ ಅವರಿಗೆ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್ ಜೋಡಿಸುವ ಗುತ್ತಿಗೆ ಸಿಕ್ಕಿತು. ಅಪ್ಪ ಅಮ್ಮ ಕೆಲಸ ಮಾಡುವ ಕಡೆಯೇ ಕಂಪ್ಯೂಟರ್ ತಯಾರಾದರೆ ಊರಿನ ಮಕ್ಕಳ ಕೈಗೆ ಅದು ಹೇಗಾದರೂ ಬರುತ್ತೆ ಅಲ್ವಾ? ಆ ಮಕ್ಕಳು ಕ್ಲಬ್ ಕಟ್ಟಿಕೊಂಡು ಪ್ರೋಗ್ರಾಂ ಬರೆದರು. ಅವರಲ್ಲಿ ಡೇವಿಡ್ ಜೋನ್ಸ್ ಅನ್ನುವವರು ಟೈಮೆಕ್ಸ್‌ನಲ್ಲೇ ಕೆಲಸ ಕಲಿಯುತ್ತಿದ್ದರು. ಕೆಲಸ ಹೋದಾಗ ಬಂದ ಪರಿಹಾರದ ದುಡ್ಡಲ್ಲಿ ಅಮಿಗಾ ಕಂಪ್ಯೂಟರ್ ಕೊಂಡರು. ಅವರು ಕಟ್ಟಿದ ಡಿಎಂಎ ಡಿಸೈನ್ ಕಂಪನಿ 1991ರಲ್ಲಿ ಲೆಮ್ಮಿಂಗ್ಸ್ ಅನ್ನೋ ಆಟ ತಂದಿತು, 1997ರಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ. ಲೆಮ್ಮಿಂಗ್ಸ್‌ನ ಪುಟಾಣಿಗಳ ಕಂಚಿನ ಮೂರ್ತಿಗಳು ಊರಲ್ಲಿ ಒಂದು ಕಡೆ ಕಂಬ ಹತ್ತುತ್ತಾ ನಿಂತಿವೆ.

ಅಂದರೆ ಅಲ್ಲಿ ಡಿಗ್ರಿ ಬಂದದ್ದು ಕೆಲಸ ಹುಟ್ಟಿದ ಮೇಲೆ. ಮೇಷ್ಟ್ರು, ಸ್ಟುಡಿಯೊ, ಹಳೇ ವಿದ್ಯಾರ್ಥಿಗಳು ಎಲ್ಲ ನಡೆದುಹೋಗುವಷ್ಟು ದೂರದಲ್ಲಿ ಸಿಗುತ್ತಾರೆ. ಆ ದುಡ್ಡಿಗೆ ನಿಜವಾಗಿ ಸಿಗೋದು ಅದೇ. ಪಠ್ಯ ಎಲ್ಲಿ ಬೇಕಾದರೂ ಸಿಗುತ್ತೆ.

ಸುಮ್ನೆ ಓದುವವನು

1997 ನಮ್ಮ ಬೆಂಗಳೂರಿಗೂ ವಿಶೇಷ ವರ್ಷವೇ. ಇಲ್ಲಿನ ಗೇಮ್ ಸ್ಟುಡಿಯೊ ಧ್ರುವ ಇಂಟರ್ಯಾಕ್ಟಿವ್ ಶುರುವಾಗಿದ್ದು ಆಗಲೇ. 2019ರಲ್ಲಿ ರಾಕ್‌ಸ್ಟಾರ್ ಅನ್ನೋ ಗೇಮ್ ಕಂಪನಿ ಅದನ್ನು ಕೊಂಡಿತು. ಡಂಡೀಯಲ್ಲಿ ಹುಟ್ಟಿದ ಗ್ರ್ಯಾಂಡ್ ಥೆಫ್ಟ್ ಆಟೋ ಈಗ ರಾಕ್‌ಸ್ಟಾರ್‌ದು, ನಮ್ಮೂರಿನ ಸ್ಟುಡಿಯೊನೂ ಅವರದೇ. ಋಣಾನುಬಂಧ!

ತೀರ್ಥಹಳ್ಳಿ ಅಕ್ಕ

@ಟೇ ದಂಡೆಯಿಂದ ಅಕ್ಕ, ಖರ್ಚು? ವೀಸಾ? ಅಲ್ಲಿ ಅರೆಕಾಲಿಕ ಕೆಲಸ ಮಾಡಿ ಫೀಸು ಕಟ್ಟುತ್ತೇನೆ ಅಂತಾನೆ.

ಟೇ ದಂಡೆಯಿಂದ

ಆ ಮಾತು ನಂಬಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ. ಅದರಲ್ಲಿ ಊಟ, ಬಾಡಿಗೆಯ ಒಂದು ಪಾಲು ಬರಬಹುದು. ಫೀಸು ಬರಲ್ಲ. ಸ್ಕಾಟ್ಲೆಂಡಿನ ಮಕ್ಕಳ ಫೀಸನ್ನು ಅಲ್ಲಿನ ಸರ್ಕಾರವೇ ಕಟ್ಟುತ್ತೆ, ನಮಗೆ ವಿದೇಶಿ ದರ. ವರ್ಷ ವರ್ಷ ಬದಲಾಗುತ್ತೆ, ವಿಶ್ವವಿದ್ಯಾಲಯದ ಸೈಟಲ್ಲೇ ನೋಡಿ. ಇಂಗ್ಲೆಂಡಲ್ಲಿ ಮೂರು ವರ್ಷದ ಡಿಗ್ರಿ ಸ್ಕಾಟ್ಲೆಂಡಲ್ಲಿ ನಾಲ್ಕು ವರ್ಷ ಅನ್ನೋದು ಮರೆಯಬೇಡಿ. ಇದರ ಮೇಲೆ ಆರೋಗ್ಯದ ಸರ್‌ಚಾರ್ಜ್, ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಅದನ್ನು ವೀಸಾ ಅರ್ಜಿಯ ಜೊತೆಗೇ ಪೂರ್ತಿ ಕಟ್ಟಬೇಕು. ನಾಲ್ಕು ವರ್ಷಕ್ಕೆ ಮೂರು ಸಾವಿರ ಪೌಂಡ್ ದಾಟುತ್ತೆ. ನಮ್ಮಪ್ಪ ಈ ಒಂದು ಸಾಲು ನೋಡದೆ ಲೆಕ್ಕ ಹಾಕಿದ್ದರು, ಕೊನೇ ವಾರ ಮಾವನ ಹತ್ತಿರ ಓಡಿದ್ದು ಇನ್ನೂ ನೆನಪಿದೆ.

ಓದು ಮುಗಿದ ಮೇಲೆ ಕೆಲಸ ಹುಡುಕೋಕೆ ಗ್ರಾಜುಯೇಟ್ ವೀಸಾ ಇದೆ. 2026ರ ಕೊನೆಯೊಳಗೆ ಅರ್ಜಿ ಹಾಕಿದವರಿಗೆ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ನಿಮ್ಮ ತಮ್ಮನಿಗೆ ಈ 18 ತಿಂಗಳೇ ಲೆಕ್ಕ.

ಇನ್ನೊಂದು, ಯಾರೂ ಹೇಳದ್ದು. ಆ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ಗೇಮ್ ಓದುವ ಹುಡುಗರಿಗೆ ಮೊದಲ ಆಸೆಯೇ ಆಟ ಮಾಡಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮಾರೋದು. ಮಾರಿದರೆ ಅದನ್ನು ವ್ಯಾಪಾರ ಅಂತ ಎಣಿಸಬಹುದು. ಮೊದಲು ಕಾಲೇಜಿನ ವೀಸಾ ಸಲಹೆಗಾರರನ್ನು ಕೇಳಲಿ.

ಮತ್ತೆ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುತ್ತಾನೆ. ಮಲೆನಾಡಿನ ಮಳೆಗಾಲ ಕಂಡವನು ಚಳಿ ತಡೆದಾನು. ಆ ಕತ್ತಲೆ ಬೇರೆ.

ರಾಜಾಜಿನಗರದ ಅಪ್ಪ

ನನ್ನ ಮಗನ ಕಥೆ ಹೇಳುತ್ತೇನೆ, ಹೊಟ್ಟೆಕಿಚ್ಚಿಗಲ್ಲ, ಎಚ್ಚರಿಕೆಗೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಗೇಮ್ ಕೋರ್ಸು ಅಂತ ಮೂರು ವರ್ಷಕ್ಕೆ ಸೇರಿಸಿದೆ. ಬ್ರೋಷರಿನಲ್ಲಿ ಡ್ರಾಗನ್ ಚಿತ್ರ. ಮೊದಲ ವರ್ಷ ಚಿತ್ರ ಬಿಡಿಸೋದು. ಎರಡನೇ ವರ್ಷ ತ್ರೀಡಿ ಮಾಡೆಲ್. ಮೂರನೇ ವರ್ಷ ಮಗ ಬಂದು "ಅಪ್ಪ, ಇನ್ನೂ ಕೋಡೇ ಬರೆಸಿಲ್ಲ" ಅಂದ. ಕೇಳಿದರೆ "ಇದು ಆರ್ಟ್ ಕೋರ್ಸು ಸಾರ್, ಪ್ರೋಗ್ರಾಮಿಂಗ್ ಬೇರೆ" ಅಂದರು. ಸೇರುವಾಗ ಆ ವ್ಯತ್ಯಾಸ ಯಾರೂ ಹೇಳಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಈಗ ಮಗ ಮದುವೆ ಆಲ್ಬಮ್ ಡಿಸೈನ್ ಮಾಡುತ್ತಾನೆ. ಕೆಲಸ ಕೆಟ್ಟದ್ದಲ್ಲ. ಆದರೆ ಅವನು ಕೇಳಿದ್ದು ಅದನ್ನಲ್ಲ.

ಪಿಕ್ಸೆಲ್ ಪುಟ್ಟಿ

ಅಂಕಲ್, ನಾನು ಆರ್ಟ್ ಕಡೆಯವಳೇ, ಕೊನೇ ವರ್ಷ. ನಮ್ಮಲ್ಲಿ ಎವಿಜಿಸಿ ಅಂತ ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಎಲ್ಲವನ್ನೂ ಒಂದೇ ಗಂಟಲ್ಲಿ ಕಟ್ಟುತ್ತಾರೆ. ಕರ್ನಾಟಕ 2012ರಲ್ಲೇ, ದೇಶದಲ್ಲೇ ಮೊದಲು, ಅದಕ್ಕೊಂದು ನೀತಿ ಮಾಡಿತು. ಒಳ್ಳೇದೇ. ಆದರೆ ಗಂಟು ಬಿಚ್ಚಿ ನೋಡದೆ ಸೇರಿದರೆ ಹೀಗಾಗುತ್ತೆ. ಅಕ್ಕ, ಯಾವ ಕೋರ್ಸ್ ಆದರೂ ವಿಷಯಗಳ ಪಟ್ಟಿ ಕೇಳಿ. ಲೀನಿಯರ್ ಆಲ್ಜೀಬ್ರಾ, ಡೇಟಾ ಸ್ಟ್ರಕ್ಚರ್, ಸಿ ಪ್ಲಸ್ ಪ್ಲಸ್, ಗ್ರಾಫಿಕ್ಸ್, ಆಪರೇಟಿಂಗ್ ಸಿಸ್ಟಮ್ ಈ ಹೆಸರು ಕಾಣಬೇಕು. ಬರೀ ಸಾಫ್ಟ್‌ವೇರ್‌ಗಳ ಹೆಸರಿದ್ದರೆ ಅದು ಪ್ರೋಗ್ರಾಮಿಂಗ್ ಡಿಗ್ರಿ ಅಲ್ಲ.

ಲ್ಯಾಬ್ ಮೇಷ್ಟ್ರು

ಇಲ್ಲೊಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಎಸ್ ಕಲಿಸುತ್ತೇನೆ. ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ.

ವಿಟಿಯುನಲ್ಲಿ ಬಹಳ ವರ್ಷ ಆರನೇ ಸೆಮಿಸ್ಟರಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಲ್ಯಾಬ್ ಇತ್ತು, ಕೋಡಿನಿಂದ ಚಿತ್ರ ಬಿಡಿಸುವ ಓಪನ್‌ಜಿಎಲ್‌ನಲ್ಲಿ ಮಿನಿ ಪ್ರಾಜೆಕ್ಟ್ ಕಡ್ಡಾಯ. ಗೇಮ್ ಮಾಡುವ ಆಸೆ ಇದ್ದವನಿಗೆ ಚಿನ್ನದಂಥ ಅವಕಾಶ. ಮ್ಯಾಟ್ರಿಕ್ಸ್ ಗುಣಿಸಿ ಘನವನ್ನು ತಿರುಗಿಸಬೇಕು, ರೇಖೆ ಎಳೆಯುವ ಬ್ರೆಸೆನ್‌ಹ್ಯಾಮ್ ವಿಧಾನ ಬರೆಯಬೇಕು. ನಡೆಯುತ್ತಿದ್ದುದು ಏನು? ಕಾಲೇಜು ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟು, ರಿಪೋರ್ಟು ಸಮೇತ ರೆಡಿ. ವರ್ಷಾನುವರ್ಷ ಅದೇ ವಿಮಾನ ಅದೇ ಕಟ್ಟಡಗಳ ಮೇಲೆ ಹಾರಿತು. ಒಂದು ಸಲ ವೈವಾದಲ್ಲಿ "ಈ ಸಾಲು ತೆಗೆದರೆ ಏನಾಗುತ್ತೆ?" ಅಂತ ಕೇಳಿದೆ. ಹುಡುಗ "ಅಂಗಡಿಯವರು ತೆಗೀಬೇಡಿ ಅಂದಿದಾರೆ ಸಾರ್" ಅಂದ. ಪ್ರಾಮಾಣಿಕತೆಗೆ ಎರಡು ಅಂಕ ಕೊಟ್ಟೆ.

ಹಾಗಂತ ಸಿಎಸ್ ಬೇಡ ಅನ್ನುತ್ತಿಲ್ಲ. ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರ್ ಆರ್ಕಿಟೆಕ್ಚರ್, ಅಲ್ಗಾರಿದಮ್ ಇಲ್ಲೂ ಇದೆ. ಹಸಿದವನಿಗೆ ನಾವು ಬಡಿಸುತ್ತೇವೆ. ಆದರೆ ಹಸಿವು ಅವನೇ ತರಬೇಕು, ಪಕ್ಕದ ಎಲೆಯವರು ಊಟ ಬಿಟ್ಟು ಎದ್ದು ಹೋಗುವುದನ್ನೂ ನೋಡಬೇಕು. ನಾಲ್ಕು ವರ್ಷ ಹಾಗೆ ಒಬ್ಬನೇ ಕೂತು ಉಣ್ಣೋದು ಕಷ್ಟ.

ಸುಮ್ನೆ ಓದುವವನು

ಮೇಷ್ಟ್ರೇ, ಆ ವಿಮಾನ ನಾನೂ ಹಾರಿಸಿದ್ದೇನೆ. ನಮ್ಮ ಕಾಲಕ್ಕೆ 800 ರೂಪಾಯಿ.

ನೇರಮಾತು

ನಾನಂತೂ 500ಕ್ಕೆ ಚೌಕಾಶಿ ಮಾಡಿದ್ದೆ. ಅದಿರಲಿ, ಗೇಮ್ ಪ್ರೋಗ್ರಾಮಿಂಗಿನಲ್ಲಿ ಅಂಥಾ ವಿಶೇಷ ಏನಿದೆ? ಕೋಡು ಕೋಡೇ ತಾನೆ?

ಹದಿನಾರು ಮಿಲಿಸೆಕೆಂಡ್

ನನ್ನ ಹೆಸರೇ ಉತ್ತರ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಆಟ ಸೆಕೆಂಡಿಗೆ 60 ಸಲ ಚಿತ್ರ ಬಿಡಿಸುತ್ತೆ. ಒಂದು ಚಿತ್ರಕ್ಕೆ ಸಿಗೋದು 16.67 ಮಿಲಿಸೆಕೆಂಡ್. ಈಗಿನ 120 ಹರ್ಟ್ಜ್ ಫೋನಿನಲ್ಲಿ ಅದರ ಅರ್ಧ, 8.33. ಅಷ್ಟರೊಳಗೆ ಆಡುವವನ ಬೆರಳು ಎಲ್ಲಿದೆ ನೋಡಬೇಕು, ಬೀಳುವ ವಸ್ತುವನ್ನು ಬೀಳಿಸಬೇಕು, ಯಾವುದು ಯಾವುದಕ್ಕೆ ತಗುಲಿತು ಹುಡುಕಬೇಕು, ಶತ್ರು ಏನು ಮಾಡಬೇಕು ಯೋಚಿಸಬೇಕು, ಶಬ್ದ ಕೊಡಬೇಕು, ಕೊನೆಗೆ ಚಿತ್ರ. ಮದುವೆ ಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಉಪ್ಪು, ಕೋಸಂಬರಿ, ಪಲ್ಯ, ಅನ್ನ, ಸಾರು ಒಬ್ಬರ ಹಿಂದೆ ಒಬ್ಬರು ಬರುತ್ತಿರಬೇಕು. ಪಾಯಸದವನು ತಡ ಮಾಡಿದರೆ ಪಾಯಸ ಒಂದೇ ನಿಲ್ಲಲ್ಲ, ಹಿಂದಿನವರೆಲ್ಲ ನಿಲ್ಲುತ್ತಾರೆ. ಬ್ಯಾಂಕಿನ ಪುಟ ತೆರೆಯೋಕೆ ಕಾಲು ಸೆಕೆಂಡ್ ಹೆಚ್ಚಾದರೆ ಯಾರೂ ಕೇಳಲ್ಲ. ನಮ್ಮಲ್ಲಿ ಕಾಲು ಸೆಕೆಂಡ್ ಅಂದರೆ ಹದಿನೈದು ಚಿತ್ರ ಹೋಯಿತು. ಆಡುವವನು ಅಷ್ಟರಲ್ಲಿ ಸತ್ತಿರುತ್ತಾನೆ.

ಆದ್ದರಿಂದ ಬೇರೆಯವರು ಮರೆತುಬಿಡುವ ಒಂದು ವಿಷಯ ನಮಗೆ ದಿನದ ಅನ್ನ. ಮೆಮೊರಿಯಲ್ಲಿ ಯಾವುದು ಎಲ್ಲಿದೆ ಅನ್ನೋದು. ಪ್ರೊಸೆಸರ್ ಪಕ್ಕದಲ್ಲೇ ಇರುವ ಕ್ಯಾಶ್ ಅನ್ನೋ ಪುಟ್ಟ ಮೆಮೊರಿಯಿಂದ ತರೋಕೆ ಒಂದು ನ್ಯಾನೋಸೆಕೆಂಡ್ ಆಸುಪಾಸು. ದೂರದ ಮುಖ್ಯ ಮೆಮೊರಿಯಿಂದ ತರೋಕೆ ಅದರ ನೂರು ಪಟ್ಟು ಹತ್ತಿರ ಹತ್ತಿರ. ಪ್ರೊಸೆಸರ್ ಉಗ್ರಾಣಕ್ಕೆ ಹೋದರೆ ಒಂದೇ ಕಾಳು ತರಲ್ಲ, ಸಾಮಾನ್ಯವಾಗಿ 64 ಬೈಟಿನ ಬುಟ್ಟಿ ತುಂಬಿಕೊಂಡು ಬರುತ್ತೆ. ಬೇಕಾದ್ದನ್ನೆಲ್ಲ ಒತ್ತಟ್ಟಿಗೆ ಇಟ್ಟಿದ್ದರೆ ಒಂದೇ ಓಡಾಟ. ಚೆಲ್ಲಾಪಿಲ್ಲಿ ಇಟ್ಟರೆ ಪ್ರತಿ ಕಾಳಿಗೂ ಒಂದು ಓಡಾಟ. ಅಲ್ಲಲ್ಲಿ ಇರೋದನ್ನು ಕೊಂಡಿ ಹಾಕಿ ಜೋಡಿಸುವ ಲಿಂಕ್ಡ್ ಲಿಸ್ಟ್ ಕಾಗದದ ಮೇಲೆ ಚೆಂದ, ಆಟದೊಳಗೆ ಬಹಳ ಸಲ ಎಲ್ಲ ಒತ್ತಟ್ಟಿಗೆ ಇಡುವ ಸಾದಾ ಅರೇ ಗೆಲ್ಲೋದು ಅದಕ್ಕೇ.

ಇಂಟರ್ವ್ಯೂಗೆ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು: ಕಾವಲುಗಾರ ಒಂದು ದಿಕ್ಕಿಗೆ ನೋಡುತ್ತಿದ್ದಾನೆ, ಕಳ್ಳ ಅವನ ಮುಂದೆ ಇದ್ದಾನೋ ಹಿಂದೆಯೋ, ಹೇಗೆ ಹೇಳುತ್ತೀರಿ? ನೋಟದ ದಿಕ್ಕಿನ ವೆಕ್ಟರ್, ಕಾವಲುಗಾರನಿಂದ ಕಳ್ಳನ ಕಡೆಗಿನ ವೆಕ್ಟರ್, ಎರಡರ ಡಾಟ್ ಪ್ರಾಡಕ್ಟ್. ಧನ ಬಂದರೆ ಮುಂದೆ, ಋಣ ಬಂದರೆ ಹಿಂದೆ. ಎರಡನೇ ಪಿಯು ಗಣಿತ, ಅಷ್ಟೇ. ಹತ್ತು ಜನರಲ್ಲಿ ಏಳು ಜನ ಕೋನ ಕಂಡುಹಿಡಿಯೋಕೆ ಹೊರಟು ದಾರಿ ತಪ್ಪುತ್ತಾರೆ. ಸೂತ್ರ ಎಲ್ಲರಿಗೂ ಬಾಯಿಪಾಠ. ಅದು ಕಳ್ಳನನ್ನು ಹಿಡಿಯೋಕೆ ಬರುತ್ತೆ ಅಂತ ಯಾರೂ ಹೇಳಿಲ್ಲ.

ಒಳ್ಳೇ ಗೇಮ್ ಡಿಗ್ರಿ ಕೊಡೋದು ಈ ಜೋಡಣೆ. ಸಿಎಸ್ ಓದಿದವನು ಇದನ್ನು ತಾನೇ ಕಟ್ಟಿಕೊಳ್ಳಬೇಕು. ನಾನು ಕಟ್ಟಿಕೊಂಡೆ, ಆದರೆ ನಾಲ್ಕು ವರ್ಷ ಸುತ್ತಿ ಬಂದೆ.

ಟೇ ದಂಡೆಯಿಂದ

ಇದಕ್ಕೆ ಒಂದು ಸೇರಿಸುತ್ತೇನೆ. ನಮ್ಮಲ್ಲಿ ಮೊದಲ ವರ್ಷ ಅರ್ಧ ಕ್ಲಾಸಿನ ಮುಖ ಬಾಡಿಹೋಗಿತ್ತು. ಆಟ ಆಡೋದು ಇಷ್ಟ ಅಂತ ಬಂದವರಿಗೆ ಪಾಯಿಂಟರ್, ಮ್ಯಾಟ್ರಿಕ್ಸ್, ಕ್ವಾಟರ್ನಿಯನ್. ಇಷ್ಟದ ಆಟವನ್ನು ಎಷ್ಟು ಗಂಟೆ ಆಡಿದ್ದೀಯ ಅನ್ನೋದು ಅಲ್ಲಿ ಯಾರಿಗೂ ಬೇಡ. ಆದರೆ ಆಮೇಲೆ ಇಡೀ ವರ್ಷ ತಂಡದಲ್ಲಿ ಆಟ ಕಟ್ಟಬೇಕು. ಚಿತ್ರದವರು, ಶಬ್ದದವರು, ಕೋಡಿನವರು ಒಂದೇ ಕೋಣೆಯಲ್ಲಿ. ನಾನು ಕೋಡಿಗಿಂತ ಜಾಸ್ತಿ ಕಲಿತದ್ದು ಚಿತ್ರದವಳಿಗೆ "ನಿನ್ನ ಮರದಲ್ಲಿ ಎಲೆ ಜಾಸ್ತಿ ಆಯಿತು, ಫೋನು ಎಳೆಯಲ್ಲ" ಅಂತ ಜಗಳ ಆಗದ ಹಾಗೆ ಹೇಳೋದನ್ನು.

ಸುಮ್ನೆ ಓದುವವನು

ತಂಡದ ಪ್ರಾಜೆಕ್ಟ್ ಅಂದಿದ್ದಕ್ಕೆ ನೆನಪಾಯಿತು. ಅಮೆರಿಕದ ರೆಡ್ಮಂಡ್‌ನಲ್ಲಿ ಡಿಜಿಪೆನ್ ಅನ್ನೋ ಗೇಮ್ ಕಾಲೇಜು ಇದೆ. ಅಲ್ಲಿನ ವಿದ್ಯಾರ್ಥಿಗಳು 2005ರಲ್ಲಿ ನಾರ್ಬಾಕ್ಯುಲರ್ ಡ್ರಾಪ್ ಅಂತ ಪ್ರಾಜೆಕ್ಟ್ ಮಾಡಿದರು. ಗೋಡೆಯಲ್ಲಿ ಒಂದು ಬಾಗಿಲು ತೆರೆದು ಇನ್ನೊಂದರಿಂದ ಹೊರಬರುವ ಆಟ. ವಾಲ್ವ್ ಕಂಪನಿ ಆ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು. 2007ರಲ್ಲಿ ಅದೇ ಕಲ್ಪನೆ ಪೋರ್ಟಲ್ ಅನ್ನೋ ಆಟ ಆಯಿತು.

ನೇರಮಾತು

ಲಾಟರಿ ಹೊಡೆದವನ ಫೋಟೋ ಅಂಗಡಿ ಮುಂದೆ ಹಾಕಿರುತ್ತಾರೆ. ಹೊಡೆಯದವರ ಫೋಟೋ ಹಾಕಲ್ಲ. ಈಗ ಕೋಡನ್ನು ಎಐ ಬರೆಯುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹದಿನಾರು ಮಿಲಿಸೆಕೆಂಡ್

ಬರೆಯುತ್ತೆ, ನಾನೂ ಬರೆಸುತ್ತೇನೆ. ಅದು ಬರೆದ ಕೋಡ್ ಅಪ್ಪನ ಒಡೆದ ಫೋನಿನಲ್ಲಿ ಯಾಕೆ ತಡವರಿಸುತ್ತೆ ಅಂತ ಹುಡುಕೋಕೆ ಇನ್ನೂ ನನ್ನನ್ನೇ ಕರೆಯುತ್ತಾರೆ. ಅಕ್ಕ, ಪರೀಕ್ಷೆ ಏನಾಯಿತು?

ತೀರ್ಥಹಳ್ಳಿ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಎಂಟು ದಿನ ಆಯಿತು, ಪೂರ್ತಿ ವರದಿ ತಂದಿದ್ದೇನೆ.

ಎರಡು ಫೋನನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ನನ್ನದು ಹೊಸದು, 120 ಹರ್ಟ್ಜ್ ಅಂತೆ. ಅದರಲ್ಲಿ ಅಡಿಕೆ ಆಲಿಕಲ್ಲಿನ ಹಾಗೆ ಬಿತ್ತು. ಅಪ್ಪನ ಫೋನಲ್ಲಿ ಹತ್ತಿ ಹಾರಿದ ಹಾಗೆ ಇಳಿಯಿತು. ತಮ್ಮ ಮೊದಲು "ನಿಮ್ಮ ಫೋನು ಸರಿ ಇಲ್ಲ" ಅಂದ. ಆಮೇಲೆ ಊಟಕ್ಕೆ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ನನ್ನ ಎಬ್ಬಿಸಿ "ಅಕ್ಕ, ನಾನು ಒಂದೊಂದು ಚಿತ್ರಕ್ಕೆ ಇಷ್ಟು ಇಳಿ ಅಂತ ಬರೆದಿದ್ದೆ. ಕಳೆದ ಸಮಯಕ್ಕೆ ಇಷ್ಟು ಅಂತ ಬರೆಯಬೇಕಿತ್ತು" ಅಂದ. ನನಗೆ ಅರ್ಥ ಆಗಲಿಲ್ಲ, ಆದರೆ ಬೆಳಿಗ್ಗೆ ನೋಡಿದರೆ ಎರಡರಲ್ಲೂ ಒಂದೇ ವೇಗ.

ಕಥೆ ಮುಗಿಯಲಿಲ್ಲ. ಅಪ್ಪ ತಾವೇ ಫೋನು ಇಸಿದುಕೊಂಡು ಆಡಿದರು (ಹೌದು, ಅಪ್ಪ!). "ನಾನು ಬುಟ್ಟಿ ಸರಿಯಾಗೇ ಹಿಡಿದೆ, ನಿನ್ನ ಅಡಿಕೆ ಬುಟ್ಟಿ ತೂತು ಮಾಡಿಕೊಂಡು ಹೋಯಿತು" ಅಂತ ಜಗಳ. ಇವನು ಇಲ್ಲ ಅಂತ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದ. ಸೆಕೆಂಡಿಗೆ 1,200 ಪಿಕ್ಸೆಲ್ ಬೀಳುತ್ತೆ, ಅಪ್ಪನ ಫೋನು ಸೆಕೆಂಡಿಗೆ 30 ಚಿತ್ರ, ಅಂದರೆ ಒಂದು ನೆಗೆತಕ್ಕೆ 40 ಪಿಕ್ಸೆಲ್. ಬುಟ್ಟಿಯ ಬಾಯಿ 24 ಪಿಕ್ಸೆಲ್ ದಪ್ಪ. ಒಂದು ಚಿತ್ರದಲ್ಲಿ ಅಡಿಕೆ ಬುಟ್ಟಿಯ ಮೇಲಿದೆ, ಮುಂದಿನ ಚಿತ್ರದಲ್ಲಿ ಕೆಳಗಿದೆ. ನಡುವೆ ಬುಟ್ಟಿಗೆ ತಗುಲಲೇ ಇಲ್ಲ. ಅಪ್ಪ ಹೇಳಿದ್ದು ನಿಜ. ನನ್ನ ಫೋನಿನಲ್ಲಿ ನೆಗೆತ 10 ಪಿಕ್ಸೆಲ್, ಅದಕ್ಕೇ ತೊಂದರೆ ಇರಲಿಲ್ಲ.

ಈಗ ದೊಡ್ಡ ನೆಗೆತವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ ನೋಡುತ್ತಿದ್ದಾನೆ. ಅಪ್ಪನ ಫೋನಿಗೆ ಅದು ಭಾರ ಆಗುತ್ತಂತೆ, ಅದಕ್ಕೆ ಬೇರೆ ದಾರಿ ಹುಡುಕುತ್ತಿದ್ದಾನೆ.

ಹದಿನಾರು ಮಿಲಿಸೆಕೆಂಡ್

ಅಡಿಕೆ ಹೊರಟ ಜಾಗದಿಂದ ತಲುಪಿದ ಜಾಗಕ್ಕೆ ಒಂದು ಗೆರೆ ಎಳೆದು, ಆ ಗೆರೆ ಬುಟ್ಟಿಯನ್ನು ಕಡಿಯುತ್ತದಾ ನೋಡಲಿ. ಸಣ್ಣ ಹೆಜ್ಜೆ ಬೇಕಾಗಲ್ಲ. ಇಷ್ಟೇ ಹೇಳಿ, ಉಳಿದದ್ದು ಅವನು ಮಾಡುತ್ತಾನೆ. ಇದಕ್ಕೆ ಟನೆಲಿಂಗ್ ಅಂತಾರೆ. ದೊಡ್ಡ ಸ್ಟುಡಿಯೊಗಳಲ್ಲೂ ಗುಂಡು ಗೋಡೆ ದಾಟಿ ಹೋಗುವುದು ಹೀಗೇ. ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದುಕೊಳ್ಳುತ್ತೇನೆ. ಹುಚ್ಚು ಇದ್ದವನು ಮೊದಲ ರಾತ್ರಿ "ಫೋನು ಸರಿ ಇಲ್ಲ" ಅಂದು ಮಲಗುತ್ತಿದ್ದ.

ಲ್ಯಾಬ್ ಮೇಷ್ಟ್ರು

ನಿಮ್ಮ ತಂದೆಯವರು ಒಳ್ಳೇ ಟೆಸ್ಟರ್. ಕೆಲಸಕ್ಕೆ ಸೇರಿಸಿಕೊಳ್ಳಬಹುದು.

ಅಂದ ಹಾಗೆ, ಆಟದಲ್ಲಿ ಅಕ್ಷರ ಕನ್ನಡದಲ್ಲಿವೆಯಾ? ಒತ್ತಕ್ಷರ ಸರಿ ಬರುತ್ತದಾ?

ತೀರ್ಥಹಳ್ಳಿ ಅಕ್ಕ

ಕನ್ನಡದಲ್ಲೇ ಇದೆ ಸಾರ್. ಮೊದಲು ಯೂನಿಟಿಯಲ್ಲಿ ಮಾಡಿದ್ದನಂತೆ, "ಅಡಿಕೆ" ಬಂತು, "ಬುಟ್ಟಿ" ಒಡೆದು ಹೋಯಿತಂತೆ, ಟ ಕೆಳಗೆ ಟ ಕೂರಲಿಲ್ಲ. ಅದಕ್ಕೇ ಗೊಡಾಟ್ ಅನ್ನೋ ಇನ್ನೊಂದು ಎಂಜಿನ್‌ಗೆ ಬಂದ.

ಪಿಕ್ಸೆಲ್ ಪುಟ್ಟಿ

ಗೊತ್ತು ಗೊತ್ತು, ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್‌ಪ್ರೊ ಕಾಟ. ಗೊಡಾಟ್ 4, 2023ರಲ್ಲಿ ಬಂದಿದ್ದು, ಅಕ್ಷರ ಜೋಡಿಸೋಕೆ ಹಾರ್ಫ್‌ಬಜ್ ಅನ್ನೋ ಸಾಫ್ಟ್‌ವೇರ್ ಬಳಸುತ್ತೆ. ಅದಕ್ಕೆ ಒತ್ತು ಸರಿಯಾಗಿ ಕೂರುತ್ತೆ. ಮೇಲಾಗಿ ಪೂರ್ತಿ ಉಚಿತ. ಒತ್ತಕ್ಷರಕ್ಕಾಗಿ ಎಂಜಿನ್ ಬದಲಾಯಿಸಿದವನನ್ನು ನಾನು ಇದೇ ಮೊದಲು ನೋಡಿದ್ದು!

ಟೇ ದಂಡೆಯಿಂದ

ಅಕ್ಕ, ನನ್ನ ಅಭಿಪ್ರಾಯ ನೇರ ಹೇಳುತ್ತೇನೆ. ನಾನು ಅಲ್ಲೇ ಓದಿದವಳು, ನನಗೆ ಬಹಳ ಸಿಕ್ಕಿತು. ಆದರೂ ತೋಟ ಅಡ ಇಟ್ಟು 18ರ ವಯಸ್ಸಿಗೇ ಕಳಿಸಬೇಡಿ. ಇಲ್ಲೇ ಸಿಎಸ್ ಓದಲಿ, ಜೊತೆಗೆ ಆಟ ಕಟ್ಟಲಿ. ಗ್ಲೋಬಲ್ ಗೇಮ್ ಜ್ಯಾಮ್ ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುತ್ತೆ, ಬೆಂಗಳೂರಲ್ಲೂ ಸೇರುತ್ತಾರೆ, ಎರಡು ದಿನದಲ್ಲಿ ಗುರುತಿಲ್ಲದವರ ಜೊತೆ ಆಟ ಮಾಡಬೇಕು. ಮೇಷ್ಟ್ರು ಹೇಳಿದ ಒಂಟಿತನಕ್ಕೆ ಅದೇ ಮದ್ದು. ನಾಲ್ಕು ವರ್ಷದ ನಂತರವೂ ಡಂಡೀಯೇ ಬೇಕು ಅನಿಸಿದರೆ ಮಾಸ್ಟರ್ಸ್‌ಗೆ ಹೋಗಲಿ. ಒಂದು ವರ್ಷದ ಖರ್ಚು, ನಾಲ್ಕರದಲ್ಲ. ಆಗ ಕೈಯಲ್ಲಿ ಮಾಡಿದ ಕೆಲಸವೂ ಇರುತ್ತೆ.

ರಾಜಾಜಿನಗರದ ಅಪ್ಪ

ಇದು ನನಗೂ ಸರಿ ಕಾಣುತ್ತೆ. ಆದರೆ "ಆಮೇಲೆ" ಅಂದದ್ದು "ಇಲ್ಲ" ಅಂತ ಹುಡುಗನಿಗೆ ಕೇಳಿಸಬಾರದು. ನಾನು ಆ ತಪ್ಪೂ ಮಾಡಿದವನೇ. ಏನಾದರೂ ಬರೆದು ಕೊಡಿ, ಒಂದು ಆರ್‌ಡಿ ತೆಗೆದು ಪಾಸ್‌ಬುಕ್ ಅವನ ಕೈಗೇ ಕೊಡಿ.

ನೇರಮಾತು

ನಾನು ಮೊದಲ ಸಾಲಲ್ಲಿ ಹೇಳಿದ್ದೂ ಇದೇ. ಮೂವತ್ತು ಕಾಮೆಂಟ್ ಸುತ್ತಿ ಬಂದಿರಿ.

ಪಿಕ್ಸೆಲ್ ಪುಟ್ಟಿ

ನೀವು ಹೇಳಿದ್ದು ಗೇಮ್ ಬಿಟ್ಟು ಸಿಎಸ್ ಅಂತ. ಅವರು ಹೇಳುತ್ತಿರುವುದು ಗೇಮಿಗಾಗಿ ಸಿಎಸ್ ಅಂತ. ಎರಡೂ ಒಂದೇ ಅಲ್ಲ ಸಾರ್.

ತೀರ್ಥಹಳ್ಳಿ ಅಕ್ಕ

ಇದನ್ನೆಲ್ಲ ತಮ್ಮನಿಗೆ ಓದಿಸಿದೆ. 18 ತಿಂಗಳ ಲೆಕ್ಕ ಅವನಿಗೂ ಗೊತ್ತಿರಲಿಲ್ಲ. ಒಂದು ದಿನ ಮಾತಾಡಲಿಲ್ಲ. ನಿನ್ನೆ ಆಪ್ಷನ್ ಎಂಟ್ರಿಯಲ್ಲಿ ತಾನೇ ಕೂತು ಕಾಲೇಜುಗಳನ್ನು ಹಾಕಿದ, ಪಕ್ಕದಲ್ಲಿ ಪ್ರತಿ ಕಾಲೇಜಿನ ವಿಷಯಪಟ್ಟಿ ತೆರೆದಿಟ್ಟುಕೊಂಡಿದ್ದ. ಆರ್‌ಡಿ ನಮ್ಮ ಸೊಸೈಟಿಯಲ್ಲೇ ತೆಗೆಯುತ್ತೇನೆ, ಮೊದಲ ಕಂತು ಅಪ್ಪನೇ ಕೊಡುತ್ತೇನೆ ಅಂದಿದ್ದಾರೆ. ಡಂಡೀಗೆ ಅಂತ ಹೇಳಿಲ್ಲ, "ಅವನ ಕಂಪ್ಯೂಟರಿಗೆ" ಅಂದಿದ್ದಾರೆ. ನಾನು ತಿದ್ದಲಿಲ್ಲ.

ಈಗ ಅಡಿಕೆ ಆಟ ಬಿಟ್ಟು ಹುಲಿ ಕುರಿ ಆಟ ಹಿಡಿದಿದ್ದಾನೆ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೆರೆ ಕೊರೆದಿರುತ್ತಲ್ಲ, ಅದು. ಮೂರು ಹುಲಿ, ಹದಿನೈದು ಕುರಿ. ಕುರಿ ಅಪ್ಪನದು, ಹುಲಿ ಕಂಪ್ಯೂಟರಿನದು. ಮಿನಿಮ್ಯಾಕ್ಸ್ ಅಂತ ಏನೋ ಬರೆಯುತ್ತಿದ್ದಾನೆ, ನಾಲ್ಕು ನಡೆ ಮುಂದೆ ನೋಡುತ್ತಂತೆ. ಅವನ ಪ್ರಶ್ನೆ, ನನಗೆ ಅರ್ಥವಾದಷ್ಟು: ಹುಲಿಗೆ ಎರಡು ದಾರಿ ಸರಿಸಮ ಒಳ್ಳೇದಾಗಿ ಕಂಡರೆ ಯಾವುದಕ್ಕೆ ಹೋಗಬೇಕು? ಈಗ ಯಾವಾಗಲೂ ಮೊದಲು ಸಿಕ್ಕಿದ್ದಕ್ಕೇ ಹೋಗುತ್ತಿದೆ.

ಹದಿನಾರು ಮಿಲಿಸೆಕೆಂಡ್

ಸಮ ಬಂದ ದಾರಿಗಳಲ್ಲಿ ಚೀಟಿ ಎತ್ತಿಸಲಿ. ಇಲ್ಲದಿದ್ದರೆ ಹುಲಿ ಪ್ರತಿ ಸಲ ಎಡಕ್ಕೇ ಹೋಗುತ್ತೆ, ನಿಮ್ಮಪ್ಪನಿಗೆ ಮೂರನೇ ಆಟಕ್ಕೇ ಅದು ಗೊತ್ತಾಗುತ್ತೆ.

ತೀರ್ಥಹಳ್ಳಿ ಅಕ್ಕ

ಎರಡನೇ ಆಟಕ್ಕೇ ಗೊತ್ತಾಯಿತು ಅಣ್ಣ.